ಕುಂಟೆ ಹೊಡೆದವರ ಮಗ ಅಗ್ರಿ ಯಾಕೆ ಓದುತ್ತಾನೆ?

ಹಲವಾಗಲು ಕಡೆಯ ಹುಡುಗನೊಬ್ಬ ಬಿ.ಎಸ್ಸಿ. ಅಗ್ರಿ ಸೀಟು ಹಿಡಿದನೆಂದರೆ ಪಟ್ಟಣದ ಬುದ್ಧಿವಂತರು ‘ಯುವಜನ ಮರಳಿ ಮಣ್ಣಿಗೆ’ ಎಂದು ಹಿಗ್ಗುತ್ತಾರೆ. ಆ ಹುಡುಗನ ಅಪ್ಪನನ್ನು ಕೇಳಿ ನೋಡಿ. ‘ಕುಂಟಿ ಹೊಡ್ದು ಹೊಡ್ದು ನಮ್ ನಡಾ ಬಿದ್ದೈತಿ, ಇವನಾದ್ರೂ ಸಾಹೇಬ ಆಗ್ಲಿ’ ಅನ್ನುತ್ತಾನೆ. ನಮ್ಮ ಮಕ್ಕಳು ಕೃಷಿ ಓದುವುದು ಮಣ್ಣಿನಿಂದ ಮೇಲೇಳುವುದಕ್ಕೆ. ಹೀಗೆಂದರೆ ಕೆಲವರಿಗೆ ಕಸಿವಿಸಿ. ಆದರೆ ಈ ವಿದ್ಯೆಯ ಚರಿತ್ರೆ ತೆಗೆದು ನೋಡಿದರೆ ಅಪ್ಪನ ಮಾತೇ ನಿಜ.

ಹಲವಾಗಲು ತುಂಗಭದ್ರೆಯ ಸೀಮೆ. ಬ್ರಿಟಿಷರ ಕಾಲಕ್ಕೆ ಹೊಳೆಯ ಈ ದಂಡೆ ಮದ್ರಾಸಿನದು, ಆಚೆ ರಾಣೆಬೆನ್ನೂರಿನ ದಂಡೆ ಮುಂಬಯಿಯದು. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂದ ಬಳ್ಳಾರಿ ಸೀಮೆಯಲ್ಲಿ ಥಾಮಸ್ ಮನ್ರೋ ರೈತವಾರಿ ಪದ್ಧತಿ ಬೇರೂರಿಸಿದ. ಪಟ್ಟಾ ಯಾರ ಹೆಸರಿಗಿದೆಯೋ, ಕಂದಾಯ ಯಾರು ಕಟ್ಟುತ್ತಾರೋ ಅವರು ರೈತರು. ಅದೇ ಹೊಲದಲ್ಲಿ ಗಳೇವು ಹೊಡೆದವನು, ಕಳೆ ತೆಗೆದವಳು, ರಾತ್ರಿಯೆಲ್ಲ ಕಣ ಕಾದವನು ಬರೀ ಆಳು. ರೈತ ಎಂಬ ಶಬ್ದಕ್ಕೆ ಅಂದು ಅಂಟಿದ ಕಾಗದ ಇಂದಿಗೂ ಕಿತ್ತುಬಂದಿಲ್ಲ.

1876–78ರ ಮಹಾ ಬರದಲ್ಲಿ ಬಳ್ಳಾರಿ ಜಿಲ್ಲೆ ಹೆಣಗಳ ಜಿಲ್ಲೆಯಾಯಿತು. ಕಣಜ, ಹಗೇವು ಇದ್ದವರು ಹೇಗೋ ಉಳಿದರು. ಕೂಲಿಯೊಂದೇ ಆಸ್ತಿಯಾಗಿದ್ದವರು ಗಂಜಿ ಕೇಂದ್ರದ ದಾರಿಯಲ್ಲಿ ಬಿದ್ದರು. ಅದಾದ ಮೇಲೆ 1880ರ ಕ್ಷಾಮ ಆಯೋಗ ಪ್ರಾಂತಗಳಲ್ಲಿ ಕೃಷಿ ಇಲಾಖೆ ಬೇಕೆಂದಿತು. ಗೆಳೆಯರೇ, ಇದನ್ನು ಮರೆಯಬಾರದು: ಇಲಾಖೆ ಹುಟ್ಟಿದ್ದು ಆಳುಗಳ ಹಸಿವಿನಿಂದ, ಅದರ ಕುರ್ಚಿಯಲ್ಲಿ ಕೂತವರು ಪಟ್ಟಾದಾರರ ಮಕ್ಕಳು. ಮದ್ರಾಸಿನ ಸೈದಾಪೇಟೆಯಲ್ಲಿ 1868ರಲ್ಲೇ ಇದ್ದ ಕೃಷಿ ಶಾಲೆ 1906ರಲ್ಲಿ ಕೊಯಮತ್ತೂರಿಗೆ ಹೋಯಿತು. ಅದೇ ವರ್ಷ ಬಳ್ಳಾರಿ ಹತ್ತಿರ ಹಗರಿಯಲ್ಲಿ ಎರೆಭೂಮಿಯ ಬೆಳೆಗಳಿಗಾಗಿ ಸಂಶೋಧನಾ ಕೇಂದ್ರ ತೆರೆಯಿತು. ಈ ದಂಡೆಯವನಿಗೆ ಕೊಯಮತ್ತೂರು, ಆ ದಂಡೆಯವನಿಗೆ ಪುಣೆ. ಇಂಗ್ಲಿಷ್ ಬಲ್ಲ, ಊರು ಬಿಟ್ಟು ಓದುವಷ್ಟು ಹಣವುಳ್ಳ ಮನೆಯವರು ಹೋದರು, ಇಲಾಖೆಯ ಸಾಹೇಬರಾಗಿ ಬಂದರು. ವೋಲ್ಕರ್ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ದೇಶ ಸುತ್ತಿ, ಇಲ್ಲಿನ ಬೇಸಾಯಗಾರ ಇಂಗ್ಲಿಷ್ ಬೇಸಾಯಗಾರನಿಗೆ ಏನೂ ಕಡಿಮೆಯಿಲ್ಲವೆಂದು 1893ರ ವರದಿಯಲ್ಲಿ ಬರೆದ. ಆದರೂ ಕಲಿಸುವವನು ಸಾಹೇಬ, ಕಲಿಯುವವನು ರೈತ ಎಂಬ ಏರ್ಪಾಟು ಕದಲಲಿಲ್ಲ. ಆಳಿಗೆ ಅದರಲ್ಲಿ ಎರಡೂ ಪಾತ್ರವಿರಲಿಲ್ಲ.

1946ರಲ್ಲಿ ಹೆಬ್ಬಾಳ, 1947ರಲ್ಲಿ ಧಾರವಾಡ ಕೃಷಿ ಕಾಲೇಜುಗಳು ಬಂದವು. 1953ರ ಅಕ್ಟೋಬರ್ 1ರಂದು ಹರಪನಹಳ್ಳಿ ಬಳ್ಳಾರಿಯೊಂದಿಗೆ ಮೈಸೂರು ರಾಜ್ಯ ಸೇರಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ, 1986ರಲ್ಲಿ ಧಾರವಾಡದ್ದು, 2008ರಲ್ಲಿ ರಾಯಚೂರಿನದು. ಇತ್ತ 1952ರ ಸಮುದಾಯ ಅಭಿವೃದ್ಧಿ ಯೋಜನೆ ಗ್ರಾಮಸೇವಕರನ್ನು ಕೇಳಿತು. 1969ರಲ್ಲಿ ರಾಷ್ಟ್ರೀಕರಣವಾದ ಬ್ಯಾಂಕುಗಳು ಬೆಳೆಸಾಲ ನೋಡುವ ಅಧಿಕಾರಿಗಳನ್ನು ಕೇಳಿದವು. 2000ದ ನಂತರ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಬಂತು. ಹೀಗೆ ಅಗ್ರಿ ಪದವಿ ನೌಕರಿಯ ಪದವಿಯಾಗಿಯೇ ಬೆಳೆಯಿತು. ಅದನ್ನು ಓದಿದವನು ನೌಕರಿ ಬಯಸಿದರೆ ಅದೇನು ದ್ರೋಹವೇ? ಇಂಜಿನಿಯರ್ ಆದವನಿಗೆ ಗಾರೆ ಕಲಸು ಎಂದು ಯಾರೂ ಹೇಳುವುದಿಲ್ಲ. ನೇಗಿಲು ಹಿಡಿ ಎಂಬ ಉಪದೇಶ ಬಡವರ ಮಕ್ಕಳಿಗೆ ಮಾತ್ರ.

ದಲಿತ ಕೇರಿಯ ಹುಡುಗನಿಗೆ ಇನ್ನೊಂದು ಕಾರಣವೂ ಇದೆ. ಯಾರ ಹಟ್ಟಿಯಲ್ಲಿ ಅವನಜ್ಜ ಜೀತಕ್ಕಿದ್ದನೋ ಆ ಮನೆಯವರು ಸಬ್ಸಿಡಿ ಬೀಜಕ್ಕೆ, ಸ್ಪ್ರಿಂಕ್ಲರ್ ಪೈಪಿಗೆ ಅವನ ಮೇಜಿನ ಮುಂದೆ ಪಾಳಿ ಹಚ್ಚಬೇಕಾಗುತ್ತದೆ. ಜೀತ ರದ್ದಾದದ್ದು 1976ರ ಕಾಯಿದೆಯಲ್ಲಿ. ಆ ಮೇಜಿನ ಹಿಂದೆ ಕೂತ ದಿನ ಅದು ತನ್ನ ಮನೆಯಲ್ಲೂ ರದ್ದಾಯಿತು ಅನ್ನಿಸಿದರೆ ಅವನನ್ನು ನಗಬೇಡಿ.

ಹಳ್ಳಿಯನ್ನೇ ನಂಬಬೇಡಿ ಎಂದ ಅಂಬೇಡ್ಕರ್ ಅನುಯಾಯಿಗಳು ಒಕ್ಕಲುತನ ಓದುವುದೇನು ಎಂದು ಕೆಲವು ಗೆಳೆಯರು ವಾದ ಹೂಡುತ್ತಾರೆ. ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಪ್ರಬಂಧ ಬರೆದವರು. ಭೂಮಿಯ ಮೇಲೆ ಬಿದ್ದ ಹೆಚ್ಚುವರಿ ಜನರಿಗೆ ಕೈಗಾರಿಕೆಯಲ್ಲಿ ದಾರಿ ಮಾಡಬೇಕೆಂದರು. 1947ರಲ್ಲಿ ಇನ್ನೂ ಮುಂದೆ ಹೋಗಿ, ಬೇಸಾಯ ಸರ್ಕಾರದ ಉದ್ಯಮವಾಗಲಿ, ಜಾತಿ ನೋಡದೆ ಊರವರು ಸಾಮೂಹಿಕವಾಗಿ ಉಳಲಿ, ಜಮೀನ್ದಾರನೂ ಗೇಣಿದಾರನೂ ಭೂಹೀನ ಕೂಲಿಯೂ ಇರದಿರಲಿ ಎಂದು ಕೇಳಿದರು. ಅವರು ತಿರಸ್ಕರಿಸಿದ್ದು ಹಳ್ಳಿಯ ಜಾತಿಯನ್ನು. ಬೇಸಾಯದ ಲೆಕ್ಕವನ್ನು ಅವರಷ್ಟು ಗಂಭೀರವಾಗಿ ಹಿಡಿದವರು ಕಡಿಮೆ.

ಈ ಲೆಕ್ಕ ನಮ್ಮ ವಿಶ್ವವಿದ್ಯಾನಿಲಯಗಳಿಗೆ ಬೇಕಿತ್ತು. ಧಾರವಾಡದಲ್ಲಿ ಬಿ.ಎಚ್. ಕಟರ್ಕಿಯವರು ‘ವರಲಕ್ಷ್ಮಿ’ ಹತ್ತಿಯ ಹೈಬ್ರಿಡ್ ತೆಗೆದದ್ದು 1972ರಲ್ಲಿ. ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಇಂಥ ಹತ್ತಿಯ ಬೀಜ ತಾನಾಗಿ ಆಗುವುದಿಲ್ಲ. ಸಂಜೆ ಒಂದೊಂದೇ ಮೊಗ್ಗಿನ ಗಂಡು ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ತಾಗಿಸಬೇಕು. ಹೊಳೆಯಾಚೆ ರಾಣೆಬೆನ್ನೂರು ಸೀಮೆಯ ಬೀಜದ ಹೊಲಗಳಲ್ಲಿ ಇದಕ್ಕೆ ‘ಕ್ರಾಸಿಂಗ್’ ಅನ್ನುತ್ತಾರೆ. ಬೆರಳು ಸಣ್ಣವಿರಬೇಕು, ಕೂಲಿಯೂ ಸಣ್ಣದಿರಬೇಕು; ಹಾಗಾಗಿ ಶಾಲೆ ಬಿಟ್ಟ ಹುಡುಗಿಯರು. ತಳಿ ಕಂಡುಹಿಡಿದವರ ಹೆಸರು ಪುಸ್ತಕದಲ್ಲಿದೆ. ಸಾವಿರಾರು ಹೂವಿಗೆ ಗರ್ಭ ಕಟ್ಟಿಸಿದ ಆ ಹುಡುಗಿ ಸಸ್ಯಶಾಸ್ತ್ರದ ಪಾಠವನ್ನು ಬೆರಳಲ್ಲಿ ಕಲಿತಿದ್ದಾಳೆ, ಸೀಟು ಮಾತ್ರ ಅವಳದಲ್ಲ.

ಸೀಟಿಗೆ ಪಿಯುಸಿಯಲ್ಲಿ ಸೈನ್ಸ್ ಬೇಕು. ಕಬ್ಬು ಕಡಿಯಲು ಮಂಡ್ಯ ಕಡೆಗೆ, ಕಾಫಿ ತೋಟಕ್ಕೆ ಮಲೆನಾಡಿಗೆ ಗುಳೆ ಹೋಗುವ ಹರಪನಹಳ್ಳಿ ತಾಂಡಾಗಳ ಮಕ್ಕಳು ಹತ್ತನೇತ್ತ ಮುಗಿಸುವುದೇ ಹೆಚ್ಚು. ಮುಗಿಸಿದರೂ ಟ್ಯೂಷನ್ ಖರ್ಚಿಗೆ ಹೆದರಿ ಆರ್ಟ್ಸ್. ಕೃಷಿಕರ ಮಕ್ಕಳಿಗೆಂದು ಶೇ. 40 ಸೀಟು ಮೀಸಲಿತ್ತು, 2021ರಲ್ಲಿ ಶೇ. 50 ಮಾಡುವುದಾಗಿ ಸರ್ಕಾರ ಘೋಷಿಸಿತು. ಆ ಕೋಟಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಕೂರಿಗೆ, ಎಡೆಕುಂಟೆ ಗುರುತಿಸಲು ಆಳಿನ ಮಗನಿಗಿಂತ ಬಲ್ಲವನಾರು? ಆದರೆ ಆ ಬಾಗಿಲಿಗೆ ಮೊದಲು ತಾಲ್ಲೂಕು ಕಚೇರಿಯ ಕಾಗದ ತರಬೇಕು. ಮನ್ರೋ ಕಾಲದ ಕಾಗದವೇ ಇದು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು, ಗೇಣಿಯೂ ಇಲ್ಲದ ಕೂಲಿಗೆ ಕೊಡಲಿಲ್ಲ. 2021ರ ರೈತ ವಿದ್ಯಾನಿಧಿಯೂ ಮೊದಲು ಜಮೀನುಳ್ಳವರ ಮಕ್ಕಳಿಗೇ ಬಂತು. ಭೂಹೀನ ಕೂಲಿಗಳ ಮಕ್ಕಳು ರೈತರ ಮಕ್ಕಳೆಂದು ಸರ್ಕಾರಕ್ಕೆ ಹೊಳೆದದ್ದು ಆಮೇಲೆ.

ಜಿಲ್ಲೆಯ ಗೆರೆಯ ಆಟವೂ ಸೇರಿಕೊಂಡಿತು. 1997ರಲ್ಲಿ ಹರಪನಹಳ್ಳಿಯನ್ನು ದಾವಣಗೆರೆಗೆ ಸೇರಿಸಿದ್ದರಿಂದ, 2013ರಲ್ಲಿ 371(ಜೆ) ಬಂದಾಗ ಈ ತಾಲ್ಲೂಕು ಹೊರಗುಳಿಯಿತು. ಪಕ್ಕದ ಹಡಗಲಿಯವನಿಗೆ ರಾಯಚೂರಿನಲ್ಲಿ ಸ್ಥಳೀಯರ ಶೇ. 70ರ ಪಾಲು, ಇಲ್ಲಿಯವನಿಗೆ ಇಲ್ಲ. ಹೋರಾಟ ನಡೆದು 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಈಗ ಅಗ್ರಿ ಬಯಸುವ ಹುಡುಗ ಹುಡುಗಿಯರು ಹೆಚ್ಚು.

ಕೊನೆಯ ವರ್ಷ ಈ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿ ವಾಸವಿರುತ್ತಾರೆ. ಗುಡಿಯ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯುತ್ತಾರೆ: ಕೆರೆ, ಶಾಲೆ, ಬೋರು, ಹೊಲ. ಹಳ್ಳಿಯ ಮೇಷ್ಟ್ರುಗಳು ಅಲ್ಲಿದ್ದರೆ ಒಂದು ಕೆಲಸ ಮಾಡಬಹುದು. ಕೇರಿಯನ್ನು ಎಲ್ಲಿ ಬರೆದಿರಿ, ಕೇರಿಯವರ ಹೊಲ ಯಾವ ಬಣ್ಣದಲ್ಲಿದೆ ಎಂದು ಆ ಮಕ್ಕಳನ್ನು ಕೇಳಬಹುದು.