ಕಡಲ ತಡಿಯ ತೋಪುಗಳೂ ಧಾರವಾಡದ ಧೂಳೂ

1790ರ ಸಪ್ಟೆಂಬರಿನಿಂದ 1791ರ ಏಪ್ರಿಲ್ಲಿನವರೆಗೆ ಟೀಪೂ ಸುಲ್ತಾನನ ವಶದಲ್ಲಿದ್ದ ಧಾರವಾಡದ ಕೋಟೆಯನ್ನು ಮುತ್ತಿದ್ದ ಮರಾಠರ ತೋಪಖಾನೆಯ ವಿಷಯವಾಗಿ ನಮ್ಮವರು ಬರೆದುದನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ, ಅದರ ಆಧಾರವೆಲ್ಲವೂ ಕಟ್ಟಕಡೆಗೆ ಒಬ್ಬನೇ ಗ್ರಂಥಕರ್ತನ ಕೆಲವೇ ವಾಕ್ಯಗಳಿಗೆ ಬಂದು ನಿಲ್ಲುವುದು ಕಂಡುಬರುತ್ತದೆ. ಆ ಗ್ರಂಥಕರ್ತನು ಮುಂಬಯಿ ಸೈನ್ಯದ ಎಡ್ವರ್ಡ್ ಮೂರ್; ಗ್ರಂಥವು ಮರಾಠರ ನೆರವಿಗೆ ಬಂದ ಕ್ಯಾಪ್ಟನ್ ಲಿಟ್ಲನ ಇಂಗ್ಲಿಷ್ ತುಕಡಿಯ ಹಾಗೂ ಪರಶುರಾಮಭಾವು ಪಟವರ್ಧನನ ಸೇನೆಯ ಕಾರ್ಯಾಚರಣೆಯನ್ನು ಕುರಿತು 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುದು. ಮರಾಠರು ಒಂದು ತೋಪಿಗೆ ಮದ್ದುಗುಂಡು ತುಂಬಿದ ಮೇಲೆ ಬತ್ತೇರಿಯ ಜನರೆಲ್ಲರೂ ಕುಳಿತು ಅರ್ಧ ತಾಸು ಹರಟೆಹೊಡೆಯುತ್ತ ಹೊಗೆ ಸೇದುವರೆಂದೂ, ಅನಂತರ ಗುಂಡು ಹಾರಿಸಿ ಕೋಟೆಯಿಂದ ಧೂಳು ಚೆನ್ನಾಗಿ ಎದ್ದರೆ ತೃಪ್ತರಾಗಿ ಮತ್ತೆ ತುಂಬಿ ಮತ್ತೆ ಹೊಗೆಗೆ ಕೂಡುವರೆಂದೂ, ಮಧ್ಯಾಹ್ನದ ಎರಡು ತಾಸು ಎರಡು ಪಕ್ಷದವರೂ ಊಟಕ್ಕಾಗಿ ಪರಸ್ಪರ ಒಪ್ಪಿಗೆಯಿಂದೆಂಬಂತೆ ತೋಪುಗಳನ್ನು ಸುಮ್ಮನಿಡುವರೆಂದೂ ಆತನು ಹೇಳಿರುವನು. 1826ರಲ್ಲಿ ಮರಾಠರ ಇತಿಹಾಸವನ್ನು ಬರೆದ ಗ್ರ್ಯಾಂಟ್ ಡಫ್ ಇದನ್ನು ಸ್ವೀಕರಿಸಿದನು. 1884ರ ಮುಂಬಯಿ ಗೆಜೆಟಿಯರು ಧಾರವಾಡದ ಸಂಪುಟದಲ್ಲಿ ಇದಕ್ಕೆ ಸ್ಥಳಕೊಟ್ಟಿತು. ಅಲ್ಲಿಂದ ಮುಂದೆ ಇದು ಸಾಕ್ಷ್ಯವೆಂಬ ಸ್ಥಾನವನ್ನು ಬಿಟ್ಟು ಸಿದ್ಧಾಂತವಾಗಿ ಬೆಳೆಯಿತು. ದೇಶೀಯ ಸೈನ್ಯಗಳಿಗೆ ತೋಪಿನ ವಿದ್ಯೆ ತಿಳಿಯದು, ತಿಳಿದರೂ ಆಲಸ್ಯವು ಬಿಡದು ಎಂಬ ತೀರ್ಪಿಗೆ ಧಾರವಾಡದ ಹುಕ್ಕವು ಉದಾಹರಣೆಯಾಯಿತು. ಈ ತೀರ್ಪು ತಪ್ಪೆಂದೂ, ಮೂರ್‌ನ ವಾಕ್ಯಗಳನ್ನೇ ಸಾವಧಾನವಾಗಿ ಓದಿದರೆ ಅವು ಬೇರೊಂದು ಸಂಗತಿಗೆ ಸಾಕ್ಷಿ ನುಡಿಯುವುವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಸಾಕ್ಷಿಯ ಸ್ಥಾನವನ್ನು ಪರೀಕ್ಷಿಸಬೇಕು. ಮೂರ್ ಹುಟ್ಟಿದುದು 1771ರಲ್ಲಿ. ಎಂದರೆ ಮುತ್ತಿಗೆಯ ಕಾಲಕ್ಕೆ ಆತನು ಇನ್ನೂ ಇಪ್ಪತ್ತರ ಆಸುಪಾಸಿನ ತರುಣ. ಆತನು ಸಾಹಸಿಯೆಂಬುದರಲ್ಲಿ ಸಂಶಯವಿಲ್ಲ. ಇದೇ ಯುದ್ಧದಲ್ಲಿ ಮುಂದೆ ಎರಡು ಸಲ ಗಾಯಗೊಂಡನು. ಆದರೆ ಆತನು ಲಿಟ್ಲನೊಡನೆ ಮೊದಲಿಗೆ ಬಂದವನಲ್ಲ. ಮುಂಬಯಿಯಿಂದ ಮೇ ತಿಂಗಳಲ್ಲಿ ಹಡಗೇರಿ, ಕೊಂಕಣದ ತಡಿಯಲ್ಲಿ ಸಂಗಮೇಶ್ವರದ ಹೊಳೆಯ ಕಡೆಯಿಂದ ಇಳಿದು, ಮಳೆಯಲ್ಲಿಯೇ ಅಂಬಾಘಾಟವನ್ನು ಹತ್ತಿ ಜೂನ್ ತಿಂಗಳಲ್ಲಿ ಭಾವುವಿನ ತಾಸಗಾವಿಯ ಸಮೀಪಕ್ಕೆ ಬಂದ ಮೊದಲ ತುಕಡಿಯಲ್ಲಿ ಎರಡು ಸಿಪಾಯಿ ಬೆಟಾಲಿಯನ್ನುಗಳೂ, ಯುರೋಪಿಯನ್ ಗೋಲಂದಾಜರ ಒಂದು ಕಂಪನಿಯೂ, ತೋಪಿನ ಲಷ್ಕರರ ಎರಡು ಕಂಪನಿಗಳೂ, ಆರು ಮೈದಾನದ ತೋಪುಗಳೂ ಇದ್ದುವು. ಮೂರ್ ಒಂಬತ್ತನೆಯ ಬೆಟಾಲಿಯನ್ನಿನ ಗ್ರೆನೇಡಿಯರ್ ಕಂಪನಿಯೊಂದನ್ನು ನಡೆಸಿಕೊಂಡು ಅನಂತರ ಬಂದು ಕೂಡಿಕೊಂಡವನು. ಆತನ ಹೆಸರು ಮುತ್ತಿಗೆಯಲ್ಲಿ ಸ್ಪಷ್ಟವಾಗಿ ಕಾಣುವುದು 1791ರ ಫೆಬ್ರುವರಿ 7ರ ಲಗ್ಗೆಯಲ್ಲಿ. ಕರ್ನಲ್ ಫ್ರೆಡರಿಕ್ಕನ ಕೈಕೆಳಗೆ ಬಂದ ಕುಮ್ಮಕ್ಕು ಧಾರವಾಡವನ್ನು ಮುಟ್ಟಿದುದೇ ಡಿಸೆಂಬರಿನ ಕೊನೆಯಲ್ಲಿ. ಮುತ್ತಿಗೆಯಾದರೋ ಸಪ್ಟೆಂಬರ್ 18ರಿಂದಲೇ ಆರಂಭವಾಗಿದ್ದಿತು. ಆದುದರಿಂದ ಮರಾಠರ ಬತ್ತೇರಿಗಳೇ ಮುತ್ತಿಗೆಯ ಭಾರವನ್ನೆಲ್ಲ ಹೊತ್ತಿದ್ದ ಮೊದಲ ಮೂರು ತಿಂಗಳುಗಳ ವಿಷಯದಲ್ಲಿ ಮೂರ್‌ನನ್ನು ಕಣ್ಣಾರೆ ಕಂಡವನೆಂದು ಹಿಡಿಯುವುದು ಸಂಶೋಧನೆಯ ಶಿಸ್ತಿಗೆ ಒಪ್ಪುವ ಮಾತಲ್ಲ. ಈ ಸರಳವಾದ ಕಾಲಗಣನೆಯನ್ನು ಮಾಡದೆಯೇ ಆತನ ಮಾತನ್ನು ಇಡೀ ಮುತ್ತಿಗೆಗೆ ಹಬ್ಬಿಸಿದವರ ಅವಸರವು, ಆತನು ಗೋಲಂದಾಜರ ಮೇಲೆ ಹೊರಿಸಿದ ಆಲಸ್ಯಕ್ಕಿಂತ ಕಡಿಮೆಯ ದೋಷವೇನಲ್ಲ.

ಇನ್ನು ದಾರಿಯ ವಿಚಾರ. ಧಾರವಾಡದ ಇತಿಹಾಸವನ್ನು ಧಾರವಾಡದಿಂದಲೇ ಆರಂಭಿಸುವ ರೂಢಿಯಿಂದಾಗಿ ಕಾಗವಾಡ, ರಾಯಬಾಗ, ಚಿಕ್ಕೋಡಿಗಳ ಭೂಮಿಯು ಈ ಕಥೆಯಿಂದ ಬಿದ್ದುಹೋಗಿದೆ. ತಾಸಗಾವಿಯಿಂದ ಧಾರವಾಡಕ್ಕೆ ನೇರವಾಗಿ ಗೆರೆಯೆಳೆದರೆ ಅದು ಮಿರಜ, ಕಾಗವಾಡ, ರಾಯಬಾಗ, ಗೋಕಾಕಗಳ ಆಚೀಚೆಯಲ್ಲಿಯೇ ಸಾಗಿ ಸುಮಾರು ನೂರಹತ್ತು ಮೈಲಿಯಷ್ಟಾಗುತ್ತದೆ. ನಡುವೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಎಂಬ ಮೂರು ಹೊಳೆಗಳು ಅಡ್ಡಲಾಗುವುವು. ಭಾವುವಿನ ಸೇನೆಯು ಹೊರಟುದು ಆಗಸ್ಟಿನಲ್ಲಿ. ಯಡೂರು, ಮಾಂಜರಿ, ಕುಡಚಿಗಳ ಕಡೆಯವರಿಗೆ ಶ್ರಾವಣದ ಕೃಷ್ಣೆಯೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಹ್ಯಾದ್ರಿಯ ಮಳೆಯನ್ನೆಲ್ಲ ಹೊತ್ತು ಎರಡು ದಡವನ್ನೂ ನುಂಗಿ ಹರಿಯುವ ಆ ನೀರಿನಲ್ಲಿ ಆಗ ಸೇತುವೆಯಿಲ್ಲ, ಹಾಯ್ಗಡವಿಲ್ಲ, ತೊಗಲು ಹೊದಿಸಿದ ಹರಿಗೋಲೇ ಗತಿ. ಮೈದಾನದ ಸಣ್ಣ ತೋಪನ್ನು ಅದರ ಗಾಡಿಯಿಂದ ಕಳಚಿ ಹರಿಗೋಲಿನಲ್ಲಿ ಇಳಿಸಬಹುದು. ಕೋಟೆಯನ್ನು ಒಡೆಯುವ ತೋಪಿನ ಮಾತು ಬೇರೆ. ಮರಾಠರ ದೊಡ್ಡ ತೋಪುಗಳ ಗಾಡಿಗೆ ಅರೆಕಾಲುಗಳಿಲ್ಲದ, ದಪ್ಪ ಹಲಗೆಗಳನ್ನು ಜೋಡಿಸಿ ಮಾಡಿದ ಇಡಿಗಾಲಿಗಳು. ಅಂತಹ ಗಾಲಿಯು ರಾಯಬಾಗದ ಎರೆಯ ಭೂಮಿಯಲ್ಲಿ ಮಳೆ ಬಿದ್ದ ಮರುದಿನ ಒಂದು ಸಲ ಹೂತಿತೆಂದರೆ, ಅದಕ್ಕೆ ಮೆತ್ತಿಕೊಂಡ ಮಣ್ಣು ಗಾಲಿಯನ್ನು ಮತ್ತೊಂದು ಗಾಲಿಯಷ್ಟು ದಪ್ಪಮಾಡುವುದು; ಮುಂದುಗಡೆ ಸಾಲುಸಾಲಾಗಿ ಹೂಡಿದ ಎತ್ತುಗಳು ಮೊಣಕಾಲೂರಿ ನಿಲ್ಲುವುವು; ಹಿಂದಿನಿಂದ ಆನೆಯು ಹಣೆಯೊತ್ತಿ ನೂಕಿದ ಹೊರತು ಅದು ಕದಲದು. ನೂರಹತ್ತು ಮೈಲಿಯ ದಾರಿಯಲ್ಲಿ ಸೇನೆಗೆ ಹಿಡಿದ ಕಾಲವನ್ನು ಮುಂಬಯಿಯ ಗುಮಾಸ್ತರು ವಿಳಂಬವೆಂದು ಲೆಕ್ಕ ಹಾಕಿದರೆ, ಈ ನೆಲವನ್ನು ಬಲ್ಲವರು ಅದೇ ಲೆಕ್ಕವನ್ನು ಒಪ್ಪಬೇಕಾದುದಿಲ್ಲ. 1803ರಲ್ಲಿ ಹರಿಹರದಿಂದ ಪುಣೆಗೆ ನಡೆದ ಆರ್ಥರ್ ವೆಲ್ಲೆಸ್ಲಿಯು ಇದೇ ಹೊಳೆಗಳನ್ನು ಬೇಸಗೆಯ ಮೊದಲಲ್ಲಿ, ನೀರು ಇಳಿದಿದ್ದಾಗ, ದಾಟಿದವನು. ಆದರೂ ಮಳೆಗಾಲಕ್ಕೆ ಮುಂಚಿತವಾಗಿ ಹರಿಗೋಲುಗಳನ್ನು ಕಟ್ಟಿಸಿಡಬೇಕೆಂದು ಆತನು ತನ್ನ ಪತ್ರಗಳಲ್ಲಿ ಮತ್ತೆ ಮತ್ತೆ ಎಚ್ಚರಿಸಿರುವನು. ಹೊಳೆಯ ಹಂಗು ಆತನಿಗೆ ತಿಳಿದಿದ್ದಿತು.

ದಾರಿಯ ಕಷ್ಟವು ತೋಪು ಧಾರವಾಡವನ್ನು ಮುಟ್ಟಿದೊಡನೆ ಮುಗಿಯಲಿಲ್ಲ. ಮದ್ದಿನ ರೂಪದಲ್ಲಿ ಅದು ಪ್ರತಿದಿನವೂ ಮುಂದುವರಿಯಿತು. ಇಲ್ಲಿಯೇ ಅರ್ಧ ತಾಸಿನ ಹುಕ್ಕದ ಅರ್ಥವಿದೆಯೆಂಬುದು ನನ್ನ ವಾದ. ಮೂರ್ ಹೇಳಿದ ನಿಧಾನವನ್ನೇ ಅಕ್ಷರಶಃ ನಂಬೋಣ. ಅರ್ಧ ತಾಸಿಗೆ ಒಂದು ಗುಂಡಿನಂತೆ, ಮಧ್ಯಾಹ್ನದ ಎರಡು ತಾಸನ್ನು ಕಳೆದು, ಹಗಲಿನ ಹತ್ತು ತಾಸಿಗೆ ಒಂದು ತೋಪಿನಿಂದ ಇಪ್ಪತ್ತು ಗುಂಡುಗಳಾದುವು. ಗುಂಡಿನ ತೂಕವನ್ನು ಹನ್ನೆರಡು ಪೌಂಡೆಂದೂ, ಆ ಕಾಲದ ವಾಡಿಕೆಯಂತೆ ಅದರ ಮೂರನೆಯ ಒಂದು ಪಾಲು, ಎಂದರೆ ನಾಲ್ಕು ಪೌಂಡು, ಮದ್ದೆಂದೂ ಇಟ್ಟುಕೊಂಡರೆ ದಿನಕ್ಕೆ ಒಂದು ತೋಪಿಗೆ 80 ಪೌಂಡು ಮದ್ದು, 240 ಪೌಂಡು ಗುಂಡು ಬೇಕಾಗುವುದು. ತೋಪುಗಳು ಇಪ್ಪತ್ತೆಂದರೆ ದಿನಕ್ಕೆ 1600 ಪೌಂಡು ಮದ್ದು, 4800 ಪೌಂಡು ಗುಂಡು. ಹೇರೆತ್ತಿನ ಬೆನ್ನಿಗೆ 160 ಪೌಂಡಿನ ಹೇರೆಂದು ಹಿಡಿದರೆ ದಿನವೊಂದಕ್ಕೆ ನಲವತ್ತು ಹೇರು. ಈ ನಲವತ್ತು ಹೇರು ಬರಬೇಕಾದುದು ಮೂರು ಹೊಳೆಗಳ ಆಚೆಯಿಂದ. ಅದೂ ಬೇಸಾಯಕ್ಕೆ ಎತ್ತು ಬೇಕಾದ ಕಾಲದಲ್ಲಿ, ಇಡೀ ಸೇನೆಗೆ ಕಾಳುಕಡಿ ಹೊರುವ ಎತ್ತುಗಳನ್ನು ಬಿಟ್ಟು ಉಳಿದವುಗಳಿಂದ. ಮೂರ್ ಬಯಸಿದ ವೇಗದಲ್ಲಿ ತೋಪು ಹಾರಿಸಿದ್ದರೆ ನೂರಾರು ಹೇರುಗಳ ಸಾಲು ಹಗಲಿರುಳು ನಡೆಯುತ್ತಿರಬೇಕಾಗಿದ್ದಿತು. (ನಾನು ಇಟ್ಟುಕೊಂಡ ಅಂಕಿಗಳು ಊಹೆಯ ಪರಿಮಾಣಗಳು, ತೋಪು ದೊಡ್ಡದಾದಷ್ಟೂ ವಾದವು ಬಲವಾಗುವುದೇ ಹೊರತು ಕುಗ್ಗದು.) ಹುಕ್ಕವಿದ್ದುದರಿಂದ ತೋಪು ತಡೆದುದಲ್ಲ, ಮದ್ದಿನ ಹೇರು ತಡೆದುದರಿಂದ ಹುಕ್ಕಕ್ಕೆ ವೇಳೆ ದೊರೆಯಿತು.

ಇದು ನನ್ನೊಬ್ಬನ ಕಲ್ಪನೆಯೆಂದು ತಳ್ಳಿಹಾಕಲು ಸಿದ್ಧರಾಗಿರುವವರು ಮೇಜರ್ ಡೈರಮನ ಗ್ರಂಥವನ್ನು ತೆರೆದು ನೋಡಲಿ. 1793ರಲ್ಲಿ, ಎಂದರೆ ಮೂರ್‌ಗಿಂತ ಒಂದು ವರ್ಷ ಮೊದಲೇ, ಇದೇ ಯುದ್ಧದ ಕೊನೆಯ ಭಾಗವನ್ನು ಕುರಿತು ಆತನು ಬರೆದ ಪುಸ್ತಕದಲ್ಲಿ ಮರಾಠರ ತೋಪುಗಳ ವರ್ಣನೆಯಿದೆ. ದೇವರ ಹೆಸರುಗಳನ್ನಿಟ್ಟು ಚಿತ್ರವಿಚಿತ್ರವಾಗಿ ಬಣ್ಣಬಳಿದ ತೋಪುಗಳನ್ನೂ, ಹಿಂದೆ ಮಾಡಿದ ಸೇವೆಗಾಗಿ ಕೈಬಿಡಲಾಗದೆ ಉಳಿಸಿಕೊಂಡ ಮುಪ್ಪಿನ ತೋಪುಗಳನ್ನೂ ಕುರಿತು ಆತನೂ ಹಾಸ್ಯಮಾಡಿದವನೇ. ಆದರೆ ಅಷ್ಟಕ್ಕೇ ನಿಲ್ಲದೆ, ತೋಪುಗಳು ಉಪಯುಕ್ತವಾಗಿದ್ದರೂ ಅವಕ್ಕೆ ಒದಗಿಸುವ ಮದ್ದುಗುಂಡಿನ ಅಲ್ಪತೆಯಿಂದಲೇ ಮರಾಠರ ತೋಪಖಾನೆಯು ಭಯಂಕರವಾಗಲಾರದೆಂಬ ನಿಜವಾದ ಕಾರಣವನ್ನು ಆತನು ಗುರುತಿಸಿದನು. ಬಣ್ಣದ ವಿಷಯವನ್ನು ಎಲ್ಲರೂ ಎತ್ತಿಕೊಂಡರು. ಮದ್ದಿನ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಈಗ ಧೂಳು. ಮೂರ್‌ನ ವಾಕ್ಯದಲ್ಲಿ ನಗೆಯ ತುದಿಯಿರುವುದು ಇಲ್ಲಿಯೇ: ಗುಂಡು ತಗಲಿದೆಡೆಯಲ್ಲಿ ಧೂಳು ಎದ್ದರೆ ಸಾಕು, ಗೋಲಂದಾಜನು ಕೃತಾರ್ಥ. ಆದರೆ ಧಾರವಾಡದ ಕೋಟೆಯು ಮಣ್ಣಿನ ಕೋಟೆ. ಕಲ್ಲಿನ ಗೋಡೆಗೆ ಗುಂಡು ತಗಲಿದರೆ ಕಲ್ಲು ಸಿಡಿಯುವುದು, ಸಂದು ಬಿಡುವುದು, ಕೊನೆಗೆ ಗೋಡೆಯ ಮೈ ಒಟ್ಟಾಗಿ ಕುಸಿಯುವುದು. ಹೊಡೆದವನಿಗೆ ತನ್ನ ಕೆಲಸದ ಪರಿಣಾಮವು ದೂರದಿಂದಲೇ ಕಾಣುವುದು. ಮಣ್ಣಿನ ಗೋಡೆಯಾದರೋ ಗುಂಡನ್ನು ಒಳಗೆ ನುಂಗಿ ಮುಚ್ಚಿಕೊಳ್ಳುವುದು. ಅಲ್ಲಿ ಗುಂಡು ಕೋಟೆಗೆ ತಗಲಿತೇ, ಅಲ್ಲ ಕಂದಕದ ಆಚೆಯ ದಿಬ್ಬಕ್ಕೆ ಬಿದ್ದಿತೇ ಎಂಬುದಕ್ಕೆ ಧೂಳಿನ ಹೊರತು ಬೇರೆ ಕುರುಹಿಲ್ಲ. ಧೂಳು ಎದ್ದ ಸ್ಥಳವನ್ನೂ ಎದ್ದ ಪ್ರಮಾಣವನ್ನೂ ನೋಡಿ ಮುಂದಿನ ಗುಂಡಿನ ಏರಿಳಿತವನ್ನು ಸರಿಪಡಿಸಬೇಕು. ಮದ್ದು ಸಾಲದ ಬತ್ತೇರಿಯಲ್ಲಿ ಪ್ರತಿಯೊಂದು ಗುಂಡಿನ ಫಲವನ್ನೂ ಹೀಗೆ ಕಾದು ನೋಡಿದ ಗೋಲಂದಾಜನು ತನ್ನ ಕಸಬನ್ನು ಬಲ್ಲವನು. ಇಪ್ಪತ್ತರ ಕಾಲಾಳು ಅಧಿಕಾರಿಯೊಬ್ಬನಿಗೆ ಅದು ಬಾಲಿಶವಾಗಿ ಕಂಡಿತೆಂದರೆ ಆಶ್ಚರ್ಯವಿಲ್ಲ. ಅದನ್ನು ನೂರಾರು ವರ್ಷ ಬಾಲಿಶವೆಂದೇ ಪಾಠಹೇಳಿದುದು ಆಶ್ಚರ್ಯ.

ಮಧ್ಯಾಹ್ನದ ವಿರಾಮದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಪರಸ್ಪರ ಒಪ್ಪಿಗೆಯೆಂಬುದನ್ನು ಮೂರ್ ಕಂಡ ಸಂಗತಿಯೆಂದು ಹೇಳದೆ, ಹಾಗೆ ತೋರುತ್ತದೆಂದಷ್ಟೇ ಹೇಳಿರುವನು. ಉಭಯ ಸೇನೆಗಳಲ್ಲಿಯೂ ಪಂಕ್ತಿಭೇದವನ್ನು ಪಾಲಿಸಿ ಬೇರೆ ಬೇರೆ ಒಲೆ ಹೂಡಿ ಅಟ್ಟುಣ್ಣುವ ಜನರಿದ್ದಲ್ಲಿ, ಊಟದ ವೇಳೆಗೆ ತೋಪು ಸುಮ್ಮನಾಗಲು ಒಪ್ಪಂದದ ಅವಶ್ಯಕತೆಯೇ ಇಲ್ಲ.

ಮೂರ್‌ನ ಪಕ್ಷದವರು ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ: ಯುರೋಪಿಯನ್ ಶಿಸ್ತಿನ ಬತ್ತೇರಿಯು ಧಾರವಾಡದಲ್ಲಿ ಏನನ್ನು ಸಾಧಿಸಿತು? ಲಿಟ್ಲನ ಆರು ತೋಪುಗಳು ಮೈದಾನದ ಕಾಳಗಕ್ಕಾಗಿ ಕಡಲ ತಡಿಯಿಂದ ಬಂದವು. ಗೋಡೆ ಒಡೆಯುವುದು ಅವುಗಳ ಕೆಲಸವಲ್ಲ. ಫ್ರೆಡರಿಕ್ಕನು ಬಂದ ಮೇಲೆ ಉತ್ಸಾಹವು ಹೆಚ್ಚಿತು, ಮದ್ದು ಹೆಚ್ಚಲಿಲ್ಲ. ಅದಕ್ಕಾಗಿ ಆತನೂ ಮರಾಠರ ಕೈಯನ್ನೇ ನೋಡಬೇಕಾಯಿತು. ಫೆಬ್ರುವರಿ 7ರಂದು ಲಗ್ಗೆ ನಡೆಯಿತು. ಕಂದಕವನ್ನು ತುಂಬಲು ಹಾಕಿದ ಕಟ್ಟಿಗೆಯ ಹೊರೆಗಳಿಗೆ ಕೋಟೆಯವರು ಬೆಂಕಿಯಿಟ್ಟರು, ಲಗ್ಗೆಯು ವಿಫಲವಾಯಿತು. ಮಾರ್ಚ್ ತಿಂಗಳಲ್ಲಿ ಫ್ರೆಡರಿಕ್ಕನು ತೀರಿಕೊಂಡನು. ಏಪ್ರಿಲ್ ಆರಂಭದಲ್ಲಿ ಟೀಪೂವಿನ ಕಿಲ್ಲೇದಾರನಾದ ಬದ್ರುಜ್ಜಮಾನ್ ಖಾನನು ಕೋಟೆಯನ್ನು ಒಪ್ಪಿಸಿದುದು ಷರತ್ತುಗಳ ಮೇಲೆ, ಇಪ್ಪತ್ತೆಂಟು ವಾರಗಳ ದಿಗ್ಬಂಧನದಿಂದ ಬಳಲಿ. ಕೋಟೆಯು ಲಗ್ಗೆಗೆ ಬೀಳಲಿಲ್ಲ. ಒಳಗಿನವರ ದಣಿವಿಗೆ ಬಿದ್ದಿತು. ಹಾಗಿರುವಲ್ಲಿ ನಿಧಾನದ ಬತ್ತೇರಿಯನ್ನು ನಿಂದಿಸಿ ಅವಸರದ ಬತ್ತೇರಿಯನ್ನು ಹೊಗಳುವುದಕ್ಕೆ ಮುತ್ತಿಗೆಯ ಫಲಿತಾಂಶದಲ್ಲಿ ಯಾವ ಆಧಾರವೂ ದೊರೆಯದು.

ಇನ್ನೊಂದು ಕಡೆಯ ಅತಿರೇಕವನ್ನೂ ಇಲ್ಲಿಯೇ ನಿರಾಕರಿಸಬೇಕು. ಭಾವುವು ಇಂಗ್ಲಿಷರನ್ನು ದಣಿಸುವುದಕ್ಕಾಗಿ ಬೇಕೆಂದೇ ತೋಪುಗಳನ್ನು ತಡೆದನು, ಅದು ರಾಜನೀತಿ ಎಂದು ಅಭಿಮಾನದಿಂದ ವಾದಿಸುವವರಿದ್ದಾರೆ. ಪಟವರ್ಧನರನ್ನು ಕುರಿತು ನನಗೆ ಅನಾದರವಿಲ್ಲ. ಆದರೆ ಹೊಳೆ, ಎರೆಮಣ್ಣು, ಹೇರೆತ್ತುಗಳಿಂದ ಪೂರ್ಣವಾಗಿ ವಿವರಿಸಬಹುದಾದ ಸಂಗತಿಗೆ ಗೂಢವಾದ ರಾಜತಂತ್ರವನ್ನು ಅಂಟಿಸುವುದು, ಗೋಲಂದಾಜನ ಮೇಲೆ ಆಲಸ್ಯವನ್ನು ಅಂಟಿಸಿದಷ್ಟೇ ನಿರಾಧಾರ. ತನ್ನ ಸೇನೆಯ ಖರ್ಚನ್ನು ದಿನದಿನವೂ ಹೊರುವ ಸರದಾರನಿಗೆ ಮುತ್ತಿಗೆಯು ಬೆಳೆದಷ್ಟೂ ಸಾಲವೇ ಬೆಳೆಯುವುದು.

ಭಾವುವಿನ ಮುಂದಿನ ಕಥೆಯು ಈ ನೆಲಕ್ಕೇ ಮರಳುತ್ತದೆ. ಚಿಕ್ಕೋಡಿ ಮನೋಳಿಗಳಿಗಾಗಿ ಕೊಲ್ಲಾಪುರದವರಿಗೂ ಪಟವರ್ಧನರಿಗೂ ನಡೆದ ದೀರ್ಘವಾದ ವೈರದಲ್ಲಿ, 1799ರ ಸಪ್ಟೆಂಬರಿನಲ್ಲಿ, ಇಂದಿನ ನಿಪ್ಪಾಣಿ ಚಿಕ್ಕೋಡಿಗಳ ಸೀಮೆಗೆ ಸೇರಿದ ಪಟ್ಟಣಕುಡಿಯ ಬಳಿ ಆತನು ಕಾಳಗದಲ್ಲಿ ಮಡಿದನು. ಆತನ ಮನೆತನದ ದಫ್ತರವನ್ನು ಶೋಧಿಸಿ, ಶಿಬಿರದಿಂದ ಮನೆಗೂ ಮನೆಯಿಂದ ಶಿಬಿರಕ್ಕೂ ನಡೆದ ಪತ್ರವ್ಯವಹಾರವನ್ನು ‘ಐತಿಹಾಸಿಕ ಲೇಖ ಸಂಗ್ರಹ’ದ ಸಂಪುಟಗಳಲ್ಲಿ ಅಚ್ಚುಹಾಕಿಸಿದವರು ಮಿರಜದಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದ ವಾಸುದೇವಶಾಸ್ತ್ರಿ ಖರೆಯವರು. ಕಾಗವಾಡದಿಂದ ಕೂಗಳತೆಯೆನ್ನಬಹುದಾದ ಮಿರಜದಲ್ಲಿ ಸಿದ್ಧವಾದ ಈ ಸಂಪುಟಗಳು, ಲಂಡನ್ನಿನಲ್ಲಿ ಅಚ್ಚಾದ ಮೂರ್‌ನ ಪುಸ್ತಕಕ್ಕಿಂತ ನಮ್ಮ ಸಂಶೋಧಕರಿಗೆ ದೂರವಾಗಿ ಉಳಿದಿರುವುದು ಮರಾಠಿಯನ್ನು ಪರಕೀಯವೆಂದು ಬಗೆಯುವ ಸಂಕೋಚದಿಂದಲ್ಲದೆ ಮತ್ತಾವ ಕಾರಣದಿಂದಲೂ ಅಲ್ಲ. ಗಡಿಯ ವ್ಯಾಜ್ಯದಲ್ಲಿ ನಾವು ಯಾವ ಪಕ್ಷದಲ್ಲಾದರೂ ನಿಲ್ಲಬಹುದು, ಕಾಗದಪತ್ರಗಳಿಗೆ ಪಕ್ಷವಿಲ್ಲ. ಕನ್ನಡದ ಇತಿಹಾಸ ವಿದ್ಯಾರ್ಥಿಗಳು ಮರಾಠಿಯನ್ನು ಕಲಿತು ಖರೆಯವರ ಸಂಪುಟಗಳನ್ನು ಆಮೂಲಾಗ್ರವಾಗಿ ಓದಬೇಕು. ಅಥಣಿ, ರಾಯಬಾಗ, ಚಿಕ್ಕೋಡಿಗಳ ದೇಶಗತಿ ಕುಲಕರ್ಣಿ ಮನೆಗಳ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಮೋಡಿ ಲಿಪಿಯ ರುಮಾಲುಗಳನ್ನು ರದ್ದಿಗೆ ಹಾಕದೆ, ಓದಬಲ್ಲವರ ಕೈಗೆ ಒಪ್ಪಿಸಬೇಕೆಂದು ಆ ಮನೆಗಳ ಹಿರಿಯರಲ್ಲಿ ನನ್ನ ವಿಜ್ಞಾಪನೆ.