ಒಂದು ಕತ್ತರಿ, 700 ಬಟ್ಟೆ ತುಂಡು

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಕಥೆ ಶುರುವಾಗೋದು ಒಂದು ಕತ್ತರಿಯಿಂದ.

1866, ಲಂಡನ್. ಜಾನ್ ಫೋರ್ಬ್ಸ್ ವಾಟ್ಸನ್ ಅಂತ ಒಬ್ಬ ಅಧಿಕಾರಿ. ಭಾರತದಲ್ಲಿ ಏನೇನು ಬೆಳೆಯುತ್ತೆ, ಏನೇನು ತಯಾರಾಗುತ್ತೆ ಅಂತ ವರದಿ ಮಾಡೋದು ಅವರ ಕೆಲಸ. ಅಲ್ಲಿನ ಇಂಡಿಯಾ ಮ್ಯೂಸಿಯಂನ ಉಗ್ರಾಣದಲ್ಲಿ ನಮ್ಮ ಸೀರೆ, ಧೋತಿ, ರುಮಾಲುಗಳ ರಾಶಿ ಇತ್ತು. ಅವನ್ನು ಕತ್ತರಿಸಿ, 700 ಮಾದರಿಗಳನ್ನು 18 ಸಂಪುಟಗಳಲ್ಲಿ ಜೋಡಿಸಿದರು. ಅಂಥ 20 ಸೆಟ್ ಮಾಡಿದರು. ಲೆಕ್ಕ ಹಾಕಿ, 14,000 ತುಂಡು!

ಎಲ್ಲಿ ನೇಯ್ದದ್ದು, ಉದ್ದ, ಅಗಲ, ತೂಕ, ಬೆಲೆ ಎಷ್ಟು, ಗಂಡಸರು ಉಡ್ತಾರೋ ಹೆಂಗಸರೋ, ಇಷ್ಟೆಲ್ಲ ವಿವರ ದಾಖಲಿಸಿದರು. ನಾನು ಬಿಕಾಂ ಓದಿದವನು. ಇದು ತಿಳಿದಾಗ ನನಗನಿಸಿದ್ದು ಒಂದೇ: ಇದು ಪಕ್ಕಾ ಮಾರ್ಕೆಟ್ ರಿಸರ್ಚ್. ಭಾರತೀಯರು ಏನು ಉಡ್ತಾರೆ ಅಂತ ಬ್ರಿಟಿಷ್ ಮಿಲ್‌ಗಳಿಗೆ ಗೊತ್ತಾದ್ರೆ ತಾನೇ ಅದನ್ನೇ ನೇಯ್ದು ನಮಗೆ ಮಾರೋಕಾಗೋದು? 20ರಲ್ಲಿ 13 ಸೆಟ್ ಬ್ರಿಟನ್‌ನಲ್ಲೇ ಉಳಿದವು, 7 ಭಾರತಕ್ಕೆ ಬಂದವು. ಅಷ್ಟೆಲ್ಲ ವಿವರದಲ್ಲಿ ನೇಕಾರರ ಹೆಸರಿಗೆ ಮಾತ್ರ ಜಾಗ ಇರಲಿಲ್ಲ.

ತಮಾಷೆ ಅಂದ್ರೆ, ಹಳೆ ಬಟ್ಟೆಗಳ ಆರ್ಕೈವಿಸ್ಟ್‌ಗಳಿಗೆ ಇವತ್ತು ಆ ಸಂಪುಟಗಳೇ ನಿಧಿ. ಬಟ್ಟೆಯ ದೊಡ್ಡ ಶತ್ರು ಬೆಳಕು. ಮುಚ್ಚಿದ ಪುಸ್ತಕದೊಳಗೆ ಬೆಳಕು ಬೀಳಲ್ಲ. ಈಗಿನ ಆರ್ಕೈವಿಸ್ಟ್ ಕತ್ತರಿ ಮುಟ್ಟಲ್ಲ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿಡ್ತಾರೆ, ಮಡಿಕೆಯಲ್ಲೇ ಸೀಳದ ಹಾಗೆ ಮಡಿಕೆ ಬದಲಾಯಿಸ್ತಾರೆ, ಕಲೆ ಕಂಡ್ರೂ ತಕ್ಷಣ ತೊಳೆಯಲ್ಲ. ಆ ಕಲೆಗೂ ಒಂದು ಕಥೆ ಇರಬಹುದು.

ಕತ್ತರಿ ಅಂದಾಗ ನನಗೆ ನೆನಪಾಗೋದು ನಮ್ಮನೆ ಕೌದಿ. ಅದರಲ್ಲಿ ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡಿದೆ. ಅಜ್ಜಿಗೆ ಅದನ್ನು ಯಾರು ಕೊಡಿಸಿದ್ದು ಅಂತ ಅಮ್ಮನ್ನ ಕೇಳಿದೆ. "ಗೊತ್ತಿಲ್ಲಪ್ಪ, ಅವ್ವನ್ನ ಕೇಳಬೇಕಿತ್ತು" ಅಂದ್ರು. ಅಜ್ಜಿ ತೀರಿಕೊಂಡು ನಾಲ್ಕು ವರ್ಷ. ಬಟ್ಟೆ ಉಳಿದಿದೆ, ಮಾಹಿತಿ ಹೋಗಿದೆ. ವಾಟ್ಸನ್ ಬರೆಯದೆ ಬಿಟ್ಟ ಹೆಸರುಗಳ ಬಗ್ಗೆ ಸಿಟ್ಟಾಗೋ ನಾನು, ನಮ್ಮನೇದನ್ನೂ ಬರೆದಿಟ್ಟಿರಲಿಲ್ಲ.

ಅದಕ್ಕೇ ಈ ವಾರ ಒಂದು ಕೆಲಸ ಮಾಡಿ. ಮನೆಯ ಟ್ರಂಕ್ ತೆಗೀರಿ. ಒಂದೇ ಒಂದು ಹಳೆ ಸೀರೆಯ ಫೋಟೋ ತೆಗೆದು, ಅದನ್ನ ಉಟ್ಟವರ ಹತ್ರಾನೇ ಎರಡು ನಿಮಿಷದ ವಾಯ್ಸ್ ನೋಟ್ ಮಾಡಿಸಿ. ಎಲ್ಲಿ ತಗೊಂಡ್ರಿ, ಯಾವಾಗ, ಯಾಕೆ? ಅಷ್ಟು ಸಾಕು. ಕೇಳೋಕೆ ಅವರು ಇರೋವಾಗ್ಲೇ ಕೇಳಿ.

ಮುಂದಿನ ವಾರ ಸಿಗೋಣ.