240 ಗೆರೆಗಳ ಕಥೆ

ಹಳೇ ವಿಡಿಯೋ ಗೇಮನ್ನು ಹೊಸ ಎಲ್‌ಇಡಿ ಟಿವಿಗೆ ಹಾಕಿದವರ ಅನುಭವ ಹೆಚ್ಚುಕಮ್ಮಿ ಒಂದೇ. ಚಿತ್ರ ಬರುತ್ತೆ, ಆದರೆ ಮಸುಕು. ಗುಂಡಿ ಒತ್ತಿದ ಮೇಲೆ ಮಾರಿಯೋ ಒಂದು ಕ್ಷಣ ಯೋಚಿಸಿ ಹಾರುತ್ತಾನೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಎಚ್‌ಡಿಎಂಐ ಕನ್ವರ್ಟರ್ ಡಬ್ಬಿ ಹಾಕಿ ನೋಡಿದೆ, ಅದೂ ಅಷ್ಟಕ್ಕಷ್ಟೇ. "ಹಳೇದಲ್ವಾ" ಅಂತ ಸುಮ್ಮನಾಗಬಹುದು. ಆದರೆ ಗೇಮಿನದೇನೂ ತಪ್ಪಿಲ್ಲ.

ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಬಿಡುಗಡೆ ಮಾಡಿತು. (ನಮ್ಮಲ್ಲಿ ಟಿವಿ ಗೇಮ್ ಅಂತ ಮಾರಾಟವಾದ ಕ್ಯಾಸೆಟ್ ಹಾಕೋ ಡಬ್ಬಿಗಳಲ್ಲಿ ಬಹಳಷ್ಟು ಇದರದ್ದೇ ನಕಲು!) ಅಲ್ಲಿನ ಟಿವಿ ಚಿತ್ರದಲ್ಲಿ ಕಾಣೋದು ಸುಮಾರು 480 ಗೆರೆ. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು, ಹೀಗೆ ಸೆಕೆಂಡಿಗೆ ಸುಮಾರು 60 ಸಲ. ಇದೇ ಇಂಟರ್‌ಲೇಸಿಂಗ್. ಗೇಮ್ ಯಂತ್ರಗಳು ಅಟಾರಿ ಕಾಲದಿಂದಲೂ ಒಂದು ಚಾಲಾಕಿ ಮಾಡುತ್ತಿದ್ದವು. ಸಮ, ಬೆಸ ಅಂತ ಬದಲಾಯಿಸದೆ ಪ್ರತಿ ಸಲವೂ ಅವೇ ಗೆರೆಗಳ ಮೇಲೆ ಬರೆಯೋದು. ಚಿತ್ರ ನಡುಗಲ್ಲ, ಕೆಲಸವೂ ಅರ್ಧ. ಈಗ ಇದನ್ನು 240ಪಿ ಅಂತಾರೆ. ಟಿವಿ ಪ್ರಸಾರದ ನಿಯಮದಲ್ಲಿ ಇಂಥದ್ದು ಇರಲೇ ಇಲ್ಲ, ಆದರೂ ಸಿಆರ್‌ಟಿ ಟಿವಿ ತಕರಾರಿಲ್ಲದೆ ತೋರಿಸಿತು. ಅದಕ್ಕೆ ಯೋಚಿಸೋಕೆ ಬರ್ತಿರಲಿಲ್ಲವಲ್ಲ :-)

ಹೊಸ ಟಿವಿ ಯೋಚಿಸುತ್ತೆ. ಬಹಳಷ್ಟು ಟಿವಿಗಳು, ಅಗ್ಗದ ಡಬ್ಬಿಗಳು 240ಪಿಯನ್ನು ಇಂಟರ್‌ಲೇಸಿಂಗ್ ಚಿತ್ರ ಅಂದುಕೊಂಡು ಎರಡೆರಡು ಫ್ರೇಮನ್ನು ಬೆರೆಸಿಬಿಡುತ್ತವೆ. ಒಂದು ಫ್ರೇಮಿನಲ್ಲಿ ಬರೆದು ಮುಂದಿನದರಲ್ಲಿ ಬಿಟ್ಟು ನೆರಳು ತೋರಿಸೋದು ಆಗಿನ ಗೇಮುಗಳ ರೂಢಿ. ಆ ನೆರಳು ಪಟ್ಟೆಪಟ್ಟೆಯಾಗುತ್ತೆ, ಇಲ್ಲವೇ ಮಾಯ. ಬೆರೆಸೋಕೆ ಫ್ರೇಮನ್ನು ಹಿಡಿದಿಟ್ಟುಕೊಳ್ಳಬೇಕು, ಮಾರಿಯೋ ತಡ ಮಾಡೋದು ಅದಕ್ಕೇ. ಡಕ್ ಹಂಟ್ (1984) ಬಂದೂಕಿನ ಲೆಕ್ಕವೆಲ್ಲ ಸಿಆರ್‌ಟಿಯಲ್ಲಿ ಬೆಳಕು ಮೂಡುವ ಕ್ಷಣದ ಮೇಲೆ. ಎಲ್‌ಸಿಡಿ ಮುಂದೆ ಅದು ಬರೀ ಪ್ಲಾಸ್ಟಿಕ್.

240ಪಿಯನ್ನು ಗುರುತಿಸಬಲ್ಲ ಕನ್ವರ್ಟರುಗಳೂ ಬಂದವು. ಜಪಾನಿನ ಮೈಕಾಮ್‌ಸಾಫ್ಟ್ ಕಂಪನಿಯ ಫ್ರೇಮ್‌ಮೈಸ್ಟರ್ 2011ರದು. ನನಗೆ ಹೆಚ್ಚು ಹಿಡಿಸಿದ್ದು ಅದರ ನಂತರ ಬಂದ ಓಎಸ್‌ಎಸ್‌ಸಿ, ಫಿನ್ಲೆಂಡಿನ ಮಾರ್ಕುಸ್ ಹೀಯೆಂಕಾರಿ ಕೈಕೆಲಸ. ಸರ್ಕ್ಯೂಟು, ಕೋಡು ಎರಡೂ ಓಪನ್ ಸೋರ್ಸ್. ಇದು ಫ್ರೇಮನ್ನು ಹಿಡಿದಿಡೋದೇ ಇಲ್ಲ. ಬಂದ ಗೆರೆಯನ್ನು ಬಂದ ಹಾಗೇ ಎರಡು, ಮೂರು, ನಾಲ್ಕು ಸಲ ಮತ್ತೆ ಬರೆದು ಮುಂದೆ ಕಳಿಸುತ್ತೆ. ತಡ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಫ್ಯಾಮಿಕಾಮ್ ಸೆಕೆಂಡಿಗೆ ಕೊಡೋದು 60.1 ಫ್ರೇಮು, ಅದೂ ಹಾಗೇ ಹೋಗುತ್ತೆ. ಕೆಲವು ಟಿವಿಗಳು ಇದಕ್ಕೇ ಮುನಿಸಿಕೊಂಡು ಖಾಲಿ ಪರದೆ ತೋರಿಸ್ತವೆ!

ಇದಕ್ಕೆ ಕೊಡೋದು ಆರ್‌ಜಿಬಿ ಸಿಗ್ನಲ್, ಅಂದರೆ ಕೆಂಪು, ಹಸಿರು, ನೀಲಿ ಬೇರೆಬೇರೆ ವೈರಿನಲ್ಲಿ. ಚಿತ್ರ ಗಾಜಿನಷ್ಟು ಸ್ವಚ್ಛ. ಫಜೀತಿ ಶುರುವಾಗೋದೂ ಇಲ್ಲೇ. ಸೆಗಾ ಮೆಗಾ ಡ್ರೈವ್‌ನ ಸೋನಿಕ್ (1991) ಗೇಮಿನ ಜಲಪಾತ ನೋಡಿ. ಒಂದು ಪಿಕ್ಸೆಲ್ ನೀರು, ಒಂದು ಪಿಕ್ಸೆಲ್ ಖಾಲಿ, ಹೀಗೆ ಉದ್ದುದ್ದ ಗೀಟುಗಳು. ಎಲ್ಲ ಬಣ್ಣ ಒಟ್ಟಿಗೆ ಹೋಗುವ ಹಳದಿ ಪಿನ್ನಿನ ಕಾಂಪೊಸಿಟ್ ವೈರಿನಲ್ಲಿ ಅವು ಕಲೆತು, ನೀರಿನ ಹಿಂದಿರೋದೂ ಕಾಣುತ್ತೆ. ಆರ್‌ಜಿಬಿಯಲ್ಲಿ ಅದು ಕಿಟಕಿಯ ಸರಳು. ಗೇಮಿನೊಳಗಿರೋದು ಸರಳು, ಆಡಿದವರು ಕಂಡಿದ್ದು ನೀರು. ನಾನು ನೀರಿನ ಪಕ್ಷ.

2023ರಲ್ಲಿ ಮೈಕ್ ಚಿ ಅವರ ರೆಟ್ರೋಟಿಂಕ್-4ಕೆ ಬಂತು, ಬೆಲೆ 750 ಡಾಲರ್. ಸಿಆರ್‌ಟಿಯ ಗೆರೆಗಳ ನಡುವಿನ ಕತ್ತಲೆ, ಪರದೆಯ ಬಣ್ಣದ ಚುಕ್ಕಿ, ಎಲ್ಲವನ್ನೂ ಲೆಕ್ಕ ಹಾಕಿ 4ಕೆ ಟಿವಿಯ ಮೇಲೆ ಮತ್ತೆ ಬರೆಯುತ್ತೆ. ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಅಟ್ಟದ ಮೇಲೆ ಸಿಆರ್‌ಟಿ ಟಿವಿ ಇನ್ನೂ ಇರುವವರು ಗುಜರಿಗೆ ಹಾಕೋ ಮುಂಚೆ ನಂಗೊಂದು ಮಾತು ಹೇಳಿ :-)